ಚಳಿಗಾಲದಲ್ಲಿ ಡೆಂಪ್‌ಸ್ಟರ್ ಹೆದ್ದಾರಿ: ಡಾಸನ್‌ನಿಂದ ಇನುವಿಕ್‌ಗೆ ಕಾರಲ್ಲಿ ಹೋಗಿ ಬಂದವರು ಯಾರಾದರೂ ಇದ್ದೀರಾ?

ಹಾಸನದ ಹುಡುಗ, ಎಡ್ಮಂಟನ್

ಎಲ್ಲರಿಗೂ ನಮಸ್ಕಾರ. ಮಾರ್ಚ್‌ನಲ್ಲಿ ನಾನು, ನನ್ನ ಹೆಂಡತಿ, ಬೆಂಗಳೂರಿನಿಂದ ಬರ್ತಿರೋ ಅವಳ ತಮ್ಮ, ಮೂವರೂ ಕಾರಲ್ಲಿ ಕೆನಡಾದ ಉತ್ತರಕ್ಕೆ ಹೋಗೋಣ ಅಂತಿದ್ದೀವಿ. ಎಡ್ಮಂಟನ್‌ನಿಂದ ಅಲಾಸ್ಕಾ ಹೆದ್ದಾರಿ ಹಿಡಿದು ವೈಟ್‌ಹಾರ್ಸ್, ಅಲ್ಲಿಂದ ಡಾಸನ್ ಸಿಟಿ, ಆಮೇಲೆ ಡೆಂಪ್‌ಸ್ಟರ್ ಹೆದ್ದಾರಿಯಲ್ಲಿ ಆರ್ಕ್ಟಿಕ್ ವೃತ್ತ ದಾಟಿ ಇನುವಿಕ್. ಸಾಧ್ಯ ಆದ್ರೆ ಟಕ್ಟೋಯಾಕ್ಟಕ್‌ವರೆಗೂ ಹೋಗಿ ಹೆಪ್ಪುಗಟ್ಟಿದ ಸಮುದ್ರ ನೋಡ್ಕೊಂಡು ಬರೋ ಆಸೆ.

ಗಾಡಿ ಆಲ್ ವೀಲ್ ಡ್ರೈವ್ ಎಸ್‌ಯುವಿ, ಪೆಟ್ರೋಲ್, 55 ಲೀಟರ್ ಟ್ಯಾಂಕ್. ಚಳಿಗಾಲದ ಟೈರ್, ಬ್ಲಾಕ್ ಹೀಟರ್ (ನಿಲ್ಲಿಸಿದ ಗಾಡಿಯ ಎಂಜಿನ್ ಬೆಚ್ಚಗಿಡೋ ಕರೆಂಟ್ ಹೀಟರ್) ಎರಡೂ ಇವೆ. ಎಡ್ಮಂಟನ್ ಚಳಿಗೆ ಒಗ್ಗಿಕೊಂಡಿದ್ದೀವಿ. ಆದ್ರೆ ಮನೆ ಪಕ್ಕದ ಚಳಿ ಬೇರೆ, ನೂರಾರು ಕಿಲೋಮೀಟರ್ ಒಂದು ದೀಪವೂ ಇಲ್ಲದ ಕಡೆಯ ಚಳಿ ಬೇರೆ ಅನ್ನೋದು ಗೊತ್ತು. ರಜೆ ಹತ್ತು ದಿನ. ಸಾಕಾಗುತ್ತಾ? ಪೆಟ್ರೋಲ್ ಎಲ್ಲಿ ಸಿಗುತ್ತೆ, ಫೋನ್ ಎಲ್ಲಿವರೆಗೆ ನಡೆಯುತ್ತೆ? ಇನ್ನೊಂದು ವಿಷಯ, ಹೆಂಡತಿ ಸಸ್ಯಾಹಾರಿ. ಹೋಗಿ ಬಂದವರು ದಯವಿಟ್ಟು ವಿವರವಾಗಿ ಹೇಳಿ.

ವೈಟ್‌ಹಾರ್ಸ್ ವಾಸಿ

ತಿಂಗಳು ಸರಿಯಾಗಿಯೇ ಆರಿಸಿದ್ದೀರಿ. ಡಿಸೆಂಬರ್ ಮೊದಲ ವಾರದಿಂದ ಹೆಚ್ಚುಕಡಿಮೆ ಒಂದು ತಿಂಗಳು ಇನುವಿಕ್‌ನಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಮಾರ್ಚ್ ಮೂರನೇ ವಾರಕ್ಕೆ ಹಗಲು ರಾತ್ರಿ ಸಮವಾಗಿರುತ್ತವೆ. ನದಿಗಳ ಮೇಲಿನ ಐಸ್ ರಸ್ತೆ ಗಟ್ಟಿ ಇರುತ್ತದೆ, ಧ್ರುವಪ್ರಭೆ ನೋಡಲು ಬೇಕಾದಷ್ಟು ಕತ್ತಲೂ ಸಿಗುತ್ತದೆ.

ಹತ್ತು ದಿನ ಮಾತ್ರ ಸಾಲದು. ಲೆಕ್ಕ ನೀವೇ ಹಾಕಿ. ಎಡ್ಮಂಟನ್‌ನಿಂದ ವೈಟ್‌ಹಾರ್ಸ್ ಸುಮಾರು 2,000 ಕಿ.ಮೀ., ಚಳಿಗಾಲದಲ್ಲಿ ಮೂರು ದಿನ ಇಟ್ಟುಕೊಳ್ಳಬೇಕು. ವೈಟ್‌ಹಾರ್ಸ್‌ನಿಂದ ಡಾಸನ್ 530 ಕಿ.ಮೀ., ಒಂದು ದಿನ. ಡಾಸನ್‌ಗಿಂತ 40 ಕಿ.ಮೀ. ಮೊದಲೇ ಡೆಂಪ್‌ಸ್ಟರ್ ಬಲಕ್ಕೆ ತಿರುಗುತ್ತದೆ. ಆ ಮೂಲೆಯಿಂದ ಇನುವಿಕ್ ಸುಮಾರು 740 ಕಿ.ಮೀ., ನಡುದಾರಿಯ ಈಗಲ್ ಪ್ಲೇನ್ಸ್ ಹೋಟೆಲಿನಲ್ಲಿ ತಂಗಿದರೆ ಎರಡು ದಿನ. ಇನುವಿಕ್‌ನಿಂದ ಟಕ್ (ಟಕ್ಟೋಯಾಕ್ಟಕ್) ಇನ್ನೂ 138 ಕಿ.ಮೀ. ಹೋದ ದಾರಿಯಲ್ಲೇ ವಾಪಸ್ ಬರಬೇಕು, ಬೇರೆ ದಾರಿ ಇಲ್ಲ. ಎಲ್ಲವೂ ಅಂದುಕೊಂಡಂತೆ ನಡೆದರೂ ಹದಿಮೂರು ಹದಿನಾಲ್ಕು ದಿನ ಆಯಿತು.

ಮತ್ತು ಡೆಂಪ್‌ಸ್ಟರ್‌ನಲ್ಲಿ ಎಲ್ಲವೂ ಅಂದುಕೊಂಡಂತೆ ನಡೆಯುವುದಿಲ್ಲ. ಅಲ್ಲಿ ರಸ್ತೆ ಮುಚ್ಚುತ್ತಾರೆ. ಕಾರಣ ಚಳಿಯಲ್ಲ, ಗಾಳಿ. ಆರ್ಕ್ಟಿಕ್ ವೃತ್ತ 405ನೇ ಕಿ.ಮೀ.ನಲ್ಲಿ ಸಿಗುತ್ತದೆ. ಅದಾದ ಮೇಲೆ 465ನೇ ಕಿ.ಮೀ.ನಲ್ಲಿ ಯೂಕಾನ್ ಮುಗಿದು ವಾಯವ್ಯ ಪ್ರಾಂತ್ಯ ಶುರುವಾಗುವ ಗಡಿಯವರೆಗೆ ರಸ್ತೆ ರಿಚರ್ಡ್‌ಸನ್ ಪರ್ವತಗಳ ಬುಡದಲ್ಲೇ ಹೋಗುತ್ತದೆ. ಆ ಭಾಗವನ್ನು ಲಾರಿಯವರು ಹರಿಕೇನ್ ಆ್ಯಲಿ, ಅಂದರೆ ಚಂಡಮಾರುತದ ಓಣಿ ಅನ್ನುತ್ತಾರೆ. ಬೆಟ್ಟದಿಂದ ಇಳಿಯುವ ಗಾಳಿಗೆ ಅಲ್ಲಿ ತುಂಬಿದ ಲಾರಿಗಳೇ ಮಗುಚಿವೆ. ನೆಲದ ಹಿಮ ಎದ್ದು ಬಂದರೆ ನಿಮ್ಮದೇ ಗಾಡಿಯ ಬಾನೆಟ್ ಕಾಣುವುದಿಲ್ಲ. ಆಗ ಗೇಟು ಹಾಕುತ್ತಾರೆ, ಗಾಳಿ ಇಳಿದು ಹಿಮ ತೆಗೆಯುವವರೆಗೆ ತೆರೆಯುವುದಿಲ್ಲ. ಅದು ಅರ್ಧ ದಿನವೂ ಆಗಬಹುದು, ಹಲವು ದಿನಗಳೂ ಆಗಬಹುದು.

ಅದಕ್ಕೆ ನನ್ನ ಸಲಹೆ ಒಂದೇ. ಗಾಡಿ, ಟೈರ್, ಬಟ್ಟೆ ಎಲ್ಲಕ್ಕಿಂತ ಮೊದಲು ಖಾಲಿ ದಿನಗಳನ್ನು ಹೊಂದಿಸಿಕೊಳ್ಳಿ. ಸೋಮವಾರ ಆಫೀಸಿಗೆ ಹಾಜರಾಗಲೇಬೇಕಾದವರು ಈ ರಸ್ತೆಗೆ ಇಳಿಯಬಾರದು.

ಕ್ಯಾಲ್ಗರಿ ಕನ್ನಡಿಗ

ಸ್ವಲ್ಪ ಹೆದರಿಸಿದ ಹಾಗಾಯ್ತು ಅನ್ಸುತ್ತೆ. ನಾವು ಸ್ನೇಹಿತರು ಫೆಬ್ರವರಿ ಕೊನೆಯಲ್ಲಿ ಹೋಗಿದ್ವಿ. ಇಬ್ಬರು ಡ್ರೈವರ್, ಸರದಿ ಮೇಲೆ ಓಡಿಸಿ ಡಾಸನ್‌ನಿಂದ ಇನುವಿಕ್ ಒಂದೇ ದಿನದಲ್ಲಿ ಮುಗಿಸಿದ್ವಿ. ರಸ್ತೆ ಬೇಸಿಗೆಗಿಂತ ಚೆನ್ನಾಗಿತ್ತು. ಬೇಸಿಗೆಯಲ್ಲಿ ಚೂಪು ಕಲ್ಲು ಟೈರ್ ಸೀಳುತ್ತೆ, ಮಳೆ ಬಂದ್ರೆ ಕೆಸರು. ಚಳಿಗಾಲದಲ್ಲಿ ಕಲ್ಲೆಲ್ಲಾ ಹಿಮದ ಕೆಳಗೆ ಮುಚ್ಚಿ ಹೋಗಿ ನುಣ್ಣಗಿರುತ್ತೆ. ಆಕಾಶ ಶುಭ್ರ, ಗಾಳಿ ಇಲ್ಲ. ಹವಾಮಾನ ಮುನ್ಸೂಚನೆ ನೋಡ್ಕೊಂಡು ಹೋದ್ರೆ ಹತ್ತು ದಿನದಲ್ಲಿ ಟಕ್ ಬಿಟ್ಟು ಇನುವಿಕ್‌ವರೆಗೆ ಮಾಡಬಹುದು.

ವೈಟ್‌ಹಾರ್ಸ್ ವಾಸಿ

ರಸ್ತೆ ಚೆನ್ನಾಗಿರುತ್ತದೆ ಅನ್ನುವುದು ನಿಜ, ನಾನೂ ಒಪ್ಪುತ್ತೇನೆ. ನಿಮಗೆ ಒಳ್ಳೆಯ ದಿನ ಸಿಕ್ಕಿತ್ತು, ಸಂತೋಷ. ಆದರೆ ಮುನ್ಸೂಚನೆ ಬರುವುದು ಡಾಸನ್, ಇನುವಿಕ್‌ನಂಥ ಊರುಗಳಿಗೆ. ನಡುವಿನ ಕಣಿವೆಗಳ ಗಾಳಿ ಅದರಲ್ಲಿ ಇರುವುದಿಲ್ಲ. ಡಾಸನ್‌ನಲ್ಲಿ ಎಲೆ ಅಲ್ಲಾಡದ ದಿನ ಗಡಿಯ ಹತ್ತಿರ ಗೇಟು ಬಿದ್ದಿರುತ್ತದೆ. ಹೊರಡುವ ದಿನ ಬೆಳಿಗ್ಗೆ 511ಕ್ಕೆ ಫೋನ್ ಮಾಡಿ ಯೂಕಾನ್ ಕಡೆಯ ರಸ್ತೆ ಸ್ಥಿತಿ ಕೇಳಿ, ಗಡಿಯಾಚೆಗಿನದ್ದನ್ನು ವಾಯವ್ಯ ಪ್ರಾಂತ್ಯದವರ ರಸ್ತೆ ಪುಟದಲ್ಲಿ ನೋಡಿ. ಆಮೇಲೆ ಈಗಲ್ ಪ್ಲೇನ್ಸ್‌ನಲ್ಲಿ ಎದುರಿಂದ ಬಂದ ಲಾರಿ ಚಾಲಕರನ್ನು ಕೇಳಿ. ಮೂರರಲ್ಲಿ ಕೊನೆಯದೇ ನಂಬಿಕಸ್ಥ.

ಒಂದೇ ದಿನದಲ್ಲಿ ಮುಗಿಸುವುದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಕೊನೆಯ ಇನ್ನೂರು ಕಿ.ಮೀ. ಕತ್ತಲಲ್ಲಿ, ದಣಿದ ಕಣ್ಣಲ್ಲಿ ಓಡಿಸಬೇಕಾಗುತ್ತದೆ. ಅಲ್ಲಿ ಎರಡು ಐಸ್ ದಾಟುಗಳಿವೆ, ಕಾಡುಪ್ರಾಣಿಗಳಿವೆ.

ರಸ್ತೆಯ ಅಂಚಿನ ಬಗ್ಗೆಯೂ ಹೇಳಿಬಿಡುತ್ತೇನೆ, ಹೊಸಬರು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ. ರಸ್ತೆಯ ಬಹುಪಾಲು ಕಾಯಂ ಹೆಪ್ಪುಗಟ್ಟಿದ ನೆಲದ ಮೇಲಿದೆ. ಆ ನೆಲ ಕರಗದಿರಲಿ ಅಂತ ಜಲ್ಲಿಯ ದಪ್ಪ ಏರಿ ಹಾಕಿದ್ದಾರೆ, ಕೆಲವು ಕಡೆ ಆಳೆತ್ತರಕ್ಕೂ ಹೆಚ್ಚು. ಹಾಗಾಗಿ ರಸ್ತೆ ಸುತ್ತಲಿನ ನೆಲಕ್ಕಿಂತ ಎತ್ತರದಲ್ಲಿದೆ. ರಸ್ತೆ ಹೆರೆಯುವ ಗ್ರೇಡರ್ ಯಂತ್ರ ಹಿಮವನ್ನು ಬದಿಗೆ ತಳ್ಳಿದಾಗ ಅದು ಏರಿಯಿಂದ ಆಚೆಗೂ ಸಮತಟ್ಟಾಗಿ ಹರಡಿಕೊಳ್ಳುತ್ತದೆ. ನೋಡಲು ಥೇಟ್ ರಸ್ತೆಯೇ. ಕೆಳಗೆ ಏನೂ ಇಲ್ಲ, ಬರೀ ಸಡಿಲ ಹಿಮ. ಎದುರಿಂದ ಲಾರಿ ಬಂತೆಂದು ಒಂದು ಚಕ್ರ ಅತ್ತ ಇಳಿಸಿದರೆ ಗಾಡಿ ನಿಧಾನವಾಗಿ ವಾಲಿಕೊಂಡು ಕೂತುಬಿಡುತ್ತದೆ. ಪಕ್ಕಕ್ಕೆ ಹೋಗಬೇಡಿ, ವೇಗ ಇಳಿಸಿ, ದೀಪ ಹಾಕಿಕೊಂಡು ನಿಮ್ಮ ಸಾಲಿನಲ್ಲೇ ಇರಿ. ಲಾರಿ ದಾಟಿದ ಮೇಲೆ ಅದರ ಹಿಂದಿನ ಹಿಮದ ಧೂಳಿನಲ್ಲಿ ಸ್ವಲ್ಪ ಹೊತ್ತು ಏನೂ ಕಾಣುವುದಿಲ್ಲ, ಅದಕ್ಕೂ ಸಿದ್ಧರಿರಿ.

ಹುಬ್ಬಳ್ಳಿ ಗ್ಯಾರೇಜ್, ಫೋರ್ಟ್ ಸೇಂಟ್ ಜಾನ್

ಗಾಡಿ ವಿಷಯ ನಾ ಹೇಳ್ತೀನ್ರಿ, ನನ್ನ ದಿನದ ಕೆಲಸಾನೇ ಅದು.

ಮೊದಲು ಬ್ಯಾಟರಿ. ಮೈನಸ್ 18ಕ್ಕ ಬಂದ್ರ ಸಾದಾ ಬ್ಯಾಟರಿ ತಾಕತ್ತು ಹೆಚ್ಚುಕಮ್ಮಿ ಅರ್ಧಕ್ಕ ಇಳೀತೈತಿ. ಅದ ಹೊತ್ತಿನ್ಯಾಗ ಎಂಜಿನ್ ಆಯಿಲ್ ಗಟ್ಟಿ ಆಗಿ ತಿರುಗಿಸಾಕ ಜಾಸ್ತಿ ತಾಕತ್ತು ಬೇಕಾಗ್ತೈತಿ. ಎರಡೂ ಕಡೆಯಿಂದ ಪೆಟ್ಟು. ನಾಕು ವರ್ಷದ ಬ್ಯಾಟರಿ ಇದ್ರ ಹೋಗೂ ಮುಂಚೆ ಬದಲ್ ಮಾಡ್ರಿ, ಮ್ಯಾಲ ಬ್ಯಾಟರಿ ಕಂಬಳಿ ಹಾಕಸ್ರಿ. ಆಯಿಲ್ 0ಡಬ್ಲ್ಯೂ ಸಿಂಥೆಟಿಕ್ ಇರಬೇಕು, ಅದು ಚಳಿಯಾಗೂ ತೆಳ್ಳಗ ಇರ್ತೈತಿ. ಬ್ಲಾಕ್ ಹೀಟರ್ ಐತಿ ಅಂದ್ರಿ, ಭಾಳ ಚಲೋ ಆತು. ಆದ್ರ ಅದರ ವಾಯರ್ ನೋಡ್ರಿ. ಸಾದಾ ಎಕ್ಸ್‌ಟೆನ್ಶನ್ ವಾಯರ್ ಮೈನಸ್ 40ಕ್ಕ ಕಡ್ಡಿ ಹಂಗ ಮುರೀತೈತಿ. ಚಳಿಗೆ ಅಂತನ ಮಾಡಿದ ವಾಯರ್ ತೊಗೊರಿ. ಹೊರಡೂಕಿಂತ ಮೂರು ನಾಕು ತಾಸು ಮೊದಲ ಹಚ್ಚಿದ್ರ ಸಾಕು, ರಾತ್ರಿ ಪೂರಾ ಬೇಕಾಗಿಲ್ಲ.

ಟೈರ್ ಗಾಳಿ. ಸುಮಾರು 5.6 ಡಿಗ್ರಿ ಇಳಿದಂಗ ಒಂದು ಪಿಎಸ್‌ಐ ಕಮ್ಮಿ ಆಗ್ತೈತಿ. ಬೆಚ್ಚನ್ನ ಗ್ಯಾರೇಜಿನ್ಯಾಗ 15 ಡಿಗ್ರಿಗೆ 35 ಹಾಕಿದ್ರಿ ಅನ್ರಿ, ಮೈನಸ್ 35ಕ್ಕ ಅದು 26 ಆಗಿರ್ತೈತಿ. ಹೊರಗ ಚಳಿಯಾಗ ನಿಂತು ತುಂಬಸ್ರಿ. ರಾತ್ರಿ ನಿಲ್ಲಿಸಿದ ಗಾಡಿ ಟೈರ್ ನೆಲಕ್ಕ ತಾಗಿದ ಕಡೆ ಚಪ್ಪಟೆ ಆಗಿ ಗಟ್ಟಿ ಆಗಿರ್ತಾವು. ಮುಂಜಾನೆ ಮೊದಲ ಒಂದೆರಡು ಕಿಲೋಮೀಟರ್ ದಡದಡ ಅಂತಾವು, ಸ್ಟೀರಿಂಗ್ ಭಾರ, ಸೀಟು ಹಲಗಿ ಆಗಿರ್ತೈತಿ, ಗೇರ್ ಒಲ್ಲೆ ಅಂತೈತಿ. ಗಾಬರಿ ಆಗಬ್ಯಾಡ್ರಿ, ನಿಧಾನ ಓಡಸ್ರಿ, ತಾನ ಸರಿ ಆಗ್ತೈತಿ. ಪೂರ್ತಿ ಸೈಜಿನ ಸ್ಟೆಪ್ನಿ ಇರಲಿ. ಸಣ್ಣ ಡೋನಟ್ ಟೈರ್ ಆ ರಸ್ತೆಗೆ ಲಾಯಕ್ ಅಲ್ಲ.

ಪೆಟ್ರೋಲ್ ಲೆಕ್ಕ ಕೇಳಿದ್ರಿ. ಡಾಸನ್‌ನಿಂದ ಮೂಲಿಗೆ 40, ಅಲ್ಲಿಂದ ಈಗಲ್ ಪ್ಲೇನ್ಸ್ 369, ಒಟ್ಟು 409 ಕಿಲೋಮೀಟರ್. ಆ ಚಳಿಯಾಗ, ಎಂಜಿನ್ ಬಂದ್ ಮಾಡದ ನಿಲ್ಲಿಸೂದೂ ಸೇರಿ ನೂರು ಕಿಲೋಮೀಟರಿಗೆ 13 ಲೀಟರ್ ಹಿಡೀರಿ. 53 ಲೀಟರ್ ಆತು. ನಿಮ್ಮ ಟ್ಯಾಂಕ್ 55. ನಡುವ ತಿರುಗಿ ಬರಬೇಕಾತು ಅಂದ್ರ? ಇಪ್ಪತ್ತು ಲೀಟರಿನ ಲೋಹದ ಕ್ಯಾನ್ ಒಂದು ಬೇಕಬೇಕು. ಈಗಲ್ ಪ್ಲೇನ್ಸ್ ಆದ ಮ್ಯಾಲ ಪೆಟ್ರೋಲ್ ಸಿಗೂ ಊರು ಫೋರ್ಟ್ ಮ್ಯಾಕ್‌ಫರ್ಸನ್ ಸುಮಾರು 180, ಅಲ್ಲಿಂದ ಇನುವಿಕ್ ಅಷ್ಟ. ಅರ್ಧ ಟ್ಯಾಂಕಿಗೆ ಬಂತಂದ್ರ ತುಂಬಸ್ರಿ, ಮುಂದ ನೋಡೂಣು ಅನಬ್ಯಾಡ್ರಿ.

ಹಾಸನದ ಹುಡುಗ, ಎಡ್ಮಂಟನ್

ಹುಬ್ಬಳ್ಳಿ ಸರ್, ಇದನ್ನ ಪ್ರಿಂಟ್ ತೆಗೆದು ಗಾಡಿಯಲ್ಲೇ ಇಟ್ಕೋತೀನಿ. ಬ್ಯಾಟರಿ ಮೂಲ ಗಾಡಿಯದ್ದೇ, ಬದಲಾಯಿಸ್ತೀನಿ.

ವೈಟ್‌ಹಾರ್ಸ್ ವಾಸಿಗಳೇ, ರಜೆ ಜಾಸ್ತಿ ಸಿಗದೇ ಹೋದ್ರೆ ವೈಟ್‌ಹಾರ್ಸ್‌ಗೆ ವಿಮಾನದಲ್ಲಿ ಬಂದು ಅಲ್ಲಿ ಬಾಡಿಗೆ ಗಾಡಿ ತಗೋಬಹುದಾ? ಆರು ದಿನ ಉಳಿಯುತ್ತೆ.

ವೈಟ್‌ಹಾರ್ಸ್ ವಾಸಿ

ಒಪ್ಪಂದದ ಸಣ್ಣ ಅಕ್ಷರ ಓದಿ. ಹೆಚ್ಚಿನ ಬಾಡಿಗೆ ಒಪ್ಪಂದಗಳಲ್ಲಿ ಜಲ್ಲಿ ರಸ್ತೆ, ಐಸ್ ರಸ್ತೆ ನಿಷಿದ್ಧ, ಡೆಂಪ್‌ಸ್ಟರ್ ಹೆಸರು ಬರೆದೇ ಬೇಡ ಅಂದಿರುತ್ತಾರೆ. ಹೇಳದೆ ಹೋದರೆ ವಿಮೆ ಇಲ್ಲ, ಗಾಡಿ ಕೆಟ್ಟರೆ ಎಳೆದು ತರುವ ಖರ್ಚೆಲ್ಲ ನಿಮ್ಮದೇ. ಅನುಮತಿ ಕೊಡುವವರೂ ಇದ್ದಾರೆ, ದುಬಾರಿ. ಬರಹದಲ್ಲಿ ಅನುಮತಿ ಇಲ್ಲದೆ ಹೊರಡಬೇಡಿ.

ವಿಮಾನದಲ್ಲಿ ಬಂದರೆ ಒಂದು ನಷ್ಟವೂ ಇದೆ, ಅಲಾಸ್ಕಾ ಹೆದ್ದಾರಿ ತಪ್ಪುತ್ತದೆ. 1942ರಲ್ಲಿ ಯುದ್ಧಕಾಲದಲ್ಲಿ ಕಾಡು ಕಡಿದು ಮಾಡಿದ ರಸ್ತೆ. ಲಿಯಾರ್ಡ್ ಬಿಸಿನೀರಿನ ಬುಗ್ಗೆ ಚಳಿಗಾಲದಲ್ಲೂ ತೆರೆದಿರುತ್ತದೆ. ಹಬೆಯಾಡುವ ನೀರಲ್ಲಿ ಕುತ್ತಿಗೆಯವರೆಗೆ ಕೂತರೆ ಕೂದಲ ಮೇಲೆ ಬಿಳಿ ಹಿಮ ಕಟ್ಟುತ್ತದೆ. ಆ ಸುತ್ತಮುತ್ತ ಕಾಡುಕೋಣದಂಥ ಬೈಸನ್‌ಗಳು ರಸ್ತೆ ಮೇಲೇ ನಿಂತಿರುತ್ತವೆ. ರಾತ್ರಿ ಅವುಗಳ ಕಣ್ಣು ಹೊಳೆಯುವುದು ಕಡಿಮೆ, ಮೈ ಕಪ್ಪು. ಕತ್ತಲಾದ ಮೇಲೆ ಆ ಭಾಗ ಓಡಿಸಬೇಡಿ.

ಹಳೇ ಕಡತ

ಚರ್ಚೆ ನೋಡಿ ಈ ರಸ್ತೆಗೆ ಯಾಕೆ ಆ ಹೆಸರು ಬಂತು ಅನ್ನುವುದನ್ನು ಬರೆಯಬೇಕೆನಿಸಿತು. ಖಾಲಿ ದಿನಗಳ ಬಗ್ಗೆ ವೈಟ್‌ಹಾರ್ಸ್ ವಾಸಿಯವರು ಹೇಳಿದ್ದಕ್ಕೂ ಅದಕ್ಕೂ ನೇರ ಸಂಬಂಧವಿದೆ.

ರಸ್ತೆ ಬರುವ ಮೊದಲು ಕೆನಡಾದ ಕುದುರೆ ಪೊಲೀಸ್ ಪಡೆ ಪ್ರತಿ ಚಳಿಗಾಲ ನಾಯಿಗಾಡಿಯಲ್ಲಿ ಡಾಸನ್ ಮತ್ತು ಫೋರ್ಟ್ ಮ್ಯಾಕ್‌ಫರ್ಸನ್ ನಡುವೆ ಟಪಾಲು ಒಯ್ಯುತ್ತಿತ್ತು. 1910ರ ಡಿಸೆಂಬರ್ 21ರಂದು ಇನ್‌ಸ್ಪೆಕ್ಟರ್ ಫ್ರಾನ್ಸಿಸ್ ಫಿಟ್ಜ್‌ಜೆರಾಲ್ಡ್ ಮೂವರ ಜತೆ ಫೋರ್ಟ್ ಮ್ಯಾಕ್‌ಫರ್ಸನ್‌ನಿಂದ ಹೊರಟರು. ಐದನೇ ಜಾರ್ಜ್ ಪಟ್ಟಾಭಿಷೇಕಕ್ಕೆ ಲಂಡನ್‌ಗೆ ಹೋಗುವ ತಂಡದಲ್ಲಿ ಅವರಿದ್ದರು. ಬೇಗ ತಲುಪಬೇಕು, ಹಗುರಾಗಿರಬೇಕು ಅಂತ ಆಹಾರ ಕಡಿಮೆ ತೆಗೆದುಕೊಂಡರು. ದಾರಿಯಲ್ಲಿ ಸಿಕ್ಕ ಗ್ವಿಚಿನ್ ಬುಡಕಟ್ಟಿನ ಇಸಾವ್ ಜಾರ್ಜ್ ಎಂಬಾತ ಸ್ವಲ್ಪ ದೂರ ದಾರಿ ತೋರಿಸಿದ. ಅವನನ್ನೂ ಹಣ ಕೊಟ್ಟು ಕಳಿಸಿಬಿಟ್ಟರು. ತಂಡದ ಮಾರ್ಗದರ್ಶಿ ಕಾರ್ಟರ್ ಆ ದಾರಿಯನ್ನು ಹಿಂದೆ ನೋಡಿದ್ದು ಒಮ್ಮೆ ಮಾತ್ರ, ಅದೂ ಎದುರು ದಿಕ್ಕಿನಿಂದ. ಫಾರೆಸ್ಟ್ ಕ್ರೀಕ್ ಎಂಬ ತೊರೆಯ ತಿರುವು ಸಿಗಲೇ ಇಲ್ಲ. ಹುಡುಕುತ್ತ ದಿನ ಕಳೆದವು, ಆಹಾರ ಮುಗಿಯಿತು, ವಾಪಸ್ ತಿರುಗಿ ನಾಯಿಗಳನ್ನೇ ತಿನ್ನುತ್ತ ನಡೆದರು. ನಾಲ್ವರೂ ಸತ್ತರು. ಫಿಟ್ಜ್‌ಜೆರಾಲ್ಡ್ ಮತ್ತು ಕಾರ್ಟರ್ ಬಿದ್ದದ್ದು ಹೊರಟ ಕೋಟೆಗೆ ಸುಮಾರು 40 ಕಿ.ಮೀ. ದೂರದಲ್ಲಿ.

1911ರ ಫೆಬ್ರವರಿ 28ರಂದು ಡಾಸನ್‌ನಿಂದ ಅವರನ್ನು ಹುಡುಕಲು ಹೊರಟವರು ವಿಲಿಯಂ ಡೆಂಪ್‌ಸ್ಟರ್. ಅವರ ತಂಡದಲ್ಲಿ ಚಾರ್ಲಿ ಸ್ಟೀವರ್ಟ್ ಎಂಬ ಗ್ವಿಚಿನ್ ಮಾರ್ಗದರ್ಶಿ ಇದ್ದ. ಮಾರ್ಚ್‌ನಲ್ಲಿ ನಾಲ್ಕೂ ದೇಹಗಳು ಸಿಕ್ಕವು. ಸಮಾಧಿ ಫೋರ್ಟ್ ಮ್ಯಾಕ್‌ಫರ್ಸನ್‌ನಲ್ಲಿದೆ, ಹೋದಾಗ ನಿಂತು ನೋಡಿ. ರಸ್ತೆ ಕೆಲಸ 1959ರಲ್ಲಿ ತೈಲ ಹುಡುಕಾಟಕ್ಕಾಗಿ ಶುರುವಾಗಿ, ನಿಂತು, ಮತ್ತೆ ಶುರುವಾಗಿ 1979ರಲ್ಲಿ ಮುಗಿಯಿತು. ಆತುರಪಟ್ಟವರ ಹೆಸರಿಡದೆ, ದಾರಿ ಬಲ್ಲವನನ್ನು ಜತೆಗಿಟ್ಟುಕೊಂಡು ಹೋಗಿ ಬಂದವರ ಹೆಸರಿಟ್ಟದ್ದು ನನಗೆ ನ್ಯಾಯವಾಗಿಯೇ ಕಾಣುತ್ತದೆ. ಚಾರ್ಲಿ ಸ್ಟೀವರ್ಟ್ ಹೆಸರೂ ಎಲ್ಲಾದರೂ ದೊಡ್ಡದಾಗಿ ಇರಬೇಕಿತ್ತು.

ಕ್ಯಾಲ್ಗರಿ ಕನ್ನಡಿಗ

ಇದು ಗೊತ್ತಿರಲಿಲ್ಲ, ಧನ್ಯವಾದ. ಈಗಲ್ ಪ್ಲೇನ್ಸ್ ಹೋಟೆಲ್ ಗೋಡೆ ಮೇಲಿನ ಹಳೇ ಫೋಟೋಗಳು ನೆನಪಿಗೆ ಬಂದ್ವು. ಆದರೂ ನಾಯಿಗಾಡಿ ಕಾಲಕ್ಕೂ ಈಗಿಗೂ ಹೋಲಿಸೋದು ಸರಿಯಲ್ಲ. ಈಗ ಉಪಗ್ರಹ ಸಾಧನ ಇದೆ, ಗುಂಡಿ ಒತ್ತಿದ್ರೆ ಸಹಾಯ ಬರುತ್ತೆ.

ವೈಟ್‌ಹಾರ್ಸ್ ವಾಸಿ

ಸಂದೇಶ ಹೋಗುತ್ತದೆ, ಸಹಾಯ ಗಾಳಿ ಇಳಿದ ಮೇಲೆ ಬರುತ್ತದೆ. ಲಾರಿಯೇ ನಿಲ್ಲಲಾಗದ ಗಾಳಿಯಲ್ಲಿ ಹೆಲಿಕಾಪ್ಟರ್ ಹಾರುವುದಿಲ್ಲ. ಅಲ್ಲಿಯವರೆಗೆ ನಿಮ್ಮನ್ನು ಬದುಕಿಸುವುದು ಗಾಡಿಯೊಳಗೆ ಇರುವ ಸಾಮಾನು ಮಾತ್ರ.

ಸಾಧನ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಡಾಸನ್ ಬಿಟ್ಟ ಮೇಲೆ ಫೋರ್ಟ್ ಮ್ಯಾಕ್‌ಫರ್ಸನ್‌ವರೆಗೆ ಮೊಬೈಲ್ ಸಿಗ್ನಲ್ ನಂಬಿಕೊಂಡು ಹೋಗಬೇಡಿ. ಇರಿಡಿಯಂ ಉಪಗ್ರಹ ಬಳಸುವ ಇನ್‌ರೀಚ್‌ನಂಥದ್ದು ತೆಗೆದುಕೊಳ್ಳಿ. ಆ ಉಪಗ್ರಹಗಳು ಧ್ರುವದಿಂದ ಧ್ರುವಕ್ಕೆ ಸುತ್ತುವುದರಿಂದ ಉತ್ತರದಲ್ಲಿ ನೆತ್ತಿಯ ಮೇಲೇ ಸಿಗುತ್ತವೆ. ಸಮಭಾಜಕದ ಮೇಲೆ ನಿಂತ ಉಪಗ್ರಹಗಳು ಅಲ್ಲಿ ದಿಗಂತಕ್ಕೆ ತಾಗಿಕೊಂಡಿರುತ್ತವೆ, ಒಂದು ಬೆಟ್ಟ ಅಡ್ಡ ಬಂದರೆ ಮುಗಿಯಿತು. ಸಾಧನವನ್ನು ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಒಳ ಜೇಬಿನಲ್ಲಿಡಿ. ಟಾರ್ಚಿಗೆ ಲಿಥಿಯಂ ಸೆಲ್ ಹಾಕಿ, ಅವು ಮೈನಸ್ 40ರವರೆಗೂ ನಡೆಯುತ್ತವೆ. ಆಲ್ಕಲೈನ್ ಸೆಲ್ ಕೈಕೊಡುತ್ತವೆ.

ಗಾಡಿ ನಿಂತುಹೋದರೆ ಗಾಡಿ ಬಿಟ್ಟು ನಡೆಯಬೇಡಿ. ಒಬ್ಬೊಬ್ಬರಿಗೂ ಮೈನಸ್ 30ರ ಮಲಗುಚೀಲ, ಸಲಿಕೆ, ಎಳೆಯುವ ಪಟ್ಟಿ. ಎಂಜಿನ್ ಚಾಲೂ ಮಾಡಿ ಬೆಚ್ಚಗಾಗುವ ಮೊದಲು ಇಳಿದು ಹೊಗೆ ಕೊಳವೆಯ ಸುತ್ತ ಹಿಮ ತುಂಬಿದೆಯಾ ನೋಡಲೇಬೇಕು. ತುಂಬಿದ್ದರೆ ವಿಷಾನಿಲ ಗಾಡಿಯೊಳಗೆ ಬರುತ್ತದೆ, ವಾಸನೆಯೂ ಇಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಅಡುಗೆ ಒಲೆ ತರುವುದಾದರೆ ದ್ರವ ಇಂಧನದ್ದು ತನ್ನಿ. ಸಣ್ಣ ಡಬ್ಬಿಯ ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರವೇ ಅನಿಲವಾಗುವುದು ನಿಲ್ಲುತ್ತದೆ, ಪ್ರೊಪೇನ್ ಮೈನಸ್ 42ಕ್ಕೆ ಕೈ ಎತ್ತುತ್ತದೆ. ಯಾವ ಒಲೆಯನ್ನೂ ಗಾಡಿಯೊಳಗೆ ಹಚ್ಚಬಾರದು.

ಮಲೆನಾಡ ಮಗಳು, ಯೆಲ್ಲೋನೈಫ್

ಊಟದ ಬಗ್ಗೆ ನಾನು ಹೇಳ್ತೀನಿ. ನಾನೂ ಸಸ್ಯಾಹಾರಿ, ಉತ್ತರದಲ್ಲಿ ಸುಮಾರು ಓಡಾಡಿದ್ದೀನಿ. ಚಪಾತಿ, ಹಣ್ಣು, ಬ್ರೆಡ್ ರಾತ್ರಿ ಗಾಡಿಯಲ್ಲಿ ಬಿಟ್ರೆ ಬೆಳಿಗ್ಗೆ ಕಲ್ಲು. ಒಗ್ಗರಣೆ ಹಾಕಿದ ತೆಳು ಅವಲಕ್ಕಿ ಇಟ್ಕೊಳ್ಳಿ, ಥರ್ಮಾಸ್‌ನಿಂದ ಬಿಸಿನೀರು ಹಾಕಿ ಮುಚ್ಚಿಟ್ರೆ ಎರಡೇ ನಿಮಿಷ. ಚಟ್ನಿಪುಡಿ ಒಣಗಿರೋದ್ರಿಂದ, ಪುಳಿಯೋಗರೆ ಗೊಜ್ಜು ಎಣ್ಣೆಯಲ್ಲಿರೋದ್ರಿಂದ ಕೆಡಲ್ಲ. ಶೇಂಗಾ ಉಂಡೆ, ತುಪ್ಪದ ರವೆ ಉಂಡೆ ಜಾಸ್ತಿ ಮಾಡ್ಕೊಳ್ಳಿ. ಚಳಿಯಲ್ಲಿ ಮೈ ಬಿಸಿ ಇರೋಕೆ ಕೊಬ್ಬು ಬೇಕು, ಹಸಿವೂ ದುಪ್ಪಟ್ಟಾಗುತ್ತೆ. ನೀರಿನ ಬಾಟಲಿಯನ್ನ ತಲೆಕೆಳಗಾಗಿ ಇಡಿ. ಐಸ್ ಮೇಲ್ಭಾಗದಲ್ಲಿ ಮೊದಲು ಕಟ್ಟೋದು, ಹಾಗಾಗಿ ಬಾಯಿ ಕಡೆ ನೀರಾಗಿಯೇ ಉಳಿಯುತ್ತೆ.

ತಮ್ಮ ಬೆಂಗಳೂರಿನಿಂದ ಬರ್ತಾನೆ ಅಂದ್ರಲ್ಲ, ಅವನ ಬಟ್ಟೆ ಮುಖ್ಯ. ಹತ್ತಿ ಬಟ್ಟೆ ಮೈಗೆ ತಾಗಬಾರದು, ಬೆವರು ಹಿಡ್ಕೊಂಡು ತಣ್ಣಗಾಗುತ್ತೆ. ಒಳಗೆ ಉಣ್ಣೆ, ಮೇಲೆ ಇನ್ನೊಂದು ದಪ್ಪ ಪದರ, ಅದರ ಮೇಲೆ ಗಾಳಿ ತಡೆಯೋ ಟೋಪಿ ಇರೋ ಪಾರ್ಕಾ ಕೋಟು. ಶೂ ಒಂದು ಸೈಜ್ ದೊಡ್ಡದು, ಒಳಗೆ ಬೆರಳು ಅಲ್ಲಾಡಬೇಕು. ಕೈಗೆ ಬೆರಳು ಬಿಡಿಸಿದ ಗ್ಲೌಸ್ ಸಾಲಲ್ಲ, ನಾಲ್ಕು ಬೆರಳೂ ಒಟ್ಟಿಗೆ ಇರೋ ಮಿಟ್ಟನ್ ಬೇಕು. ಮೈನಸ್ 25ರ ದಿನ ಗಂಟೆಗೆ 60 ಕಿ.ಮೀ. ಗಾಳಿ ಬೀಸಿದ್ರೆ ಮುಖಕ್ಕೆ ಮೈನಸ್ 43ರ ಹಾಗೆ ತಟ್ಟುತ್ತೆ, ಬರಿ ಚರ್ಮ ಹತ್ತು ನಿಮಿಷದೊಳಗೆ ಹೆಪ್ಪುಗಟ್ಟಬಹುದು. ಆರ್ಕ್ಟಿಕ್ ವೃತ್ತದ ಫಲಕದ ಹತ್ತಿರ ಫೋಟೋಗೆ ಅಂತ ಗ್ಲೌಸ್ ತೆಗೆಯೋರು ಜಾಸ್ತಿ. ಅವನಿಗೆ ಮೊದಲೇ ಹೇಳಿಡಿ. ಕೆನ್ನೆ, ಮೂಗಿನ ತುದಿ ಬಿಳಿಚಿಕೊಂಡಿದ್ಯಾ ಅಂತ ಒಬ್ಬರ ಮುಖ ಇನ್ನೊಬ್ಬರು ನೋಡ್ತಿರಬೇಕು, ತಮಗೇ ಗೊತ್ತಾಗಲ್ಲ.

ಹಾಸನದ ಹುಡುಗ, ಎಡ್ಮಂಟನ್

ತಲೆಕೆಳಗಿನ ಬಾಟಲಿ ಹೊಳೆದೇ ಇರಲಿಲ್ಲ. ಹೆಂಡತಿ ಉಂಡೆ ಪಟ್ಟಿ ಶುರು ಮಾಡಿದ್ದಾಳೆ.

ನನಗೆ ನಿಜವಾಗಿ ಭಯ ಇರೋದು ನದಿ ದಾಟೋದು. ಪೀಲ್, ಮ್ಯಾಕೆಂಜಿ ಎರಡಕ್ಕೂ ಸೇತುವೆ ಇಲ್ಲ ಅಂತ ಓದಿದೆ. ಐಸ್ ಎಷ್ಟು ದಪ್ಪ ಇರುತ್ತೆ? ಅದರ ಮೇಲೆ ಹೇಗೆ ಓಡಿಸಬೇಕು?

ಕರಾವಳಿ ನರ್ಸ್, ಇನುವಿಕ್

ನಾನು ಇಲ್ಲೇ ಕೆಲಸ ಮಾಡುವವಳು. ಹೆದರಬೇಡಿ ಮಾರಾಯ್ರೆ, ಮಾರ್ಚ್‌ನಲ್ಲಿ ಆ ಐಸ್ ಮೇಲೆ ಪೆಟ್ರೋಲ್ ಟ್ಯಾಂಕರ್‌ಗಳೇ ಹೋಗುತ್ತವೆ. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಐಸ್. ನಡುವೆ, ನದಿ ಕಟ್ಟುವಾಗ ಮತ್ತು ಒಡೆಯುವಾಗ ಎರಡೂ ಇಲ್ಲ. ಆಗ ವಾರಗಟ್ಟಲೆ ನಮಗೆ ರಸ್ತೆಯೇ ಇಲ್ಲ, ಹಾಲು ತರಕಾರಿ ವಿಮಾನದಲ್ಲೇ ಬರಬೇಕು. ನದಿ ಕಟ್ಟಲು ಶುರುವಾದಾಗ ಕೆಲಸದವರು ಐಸ್ ಕೊರೆದು ಕೆಳಗಿನ ನೀರನ್ನು ಪಂಪು ಮಾಡಿ ಮೇಲೆ ಹರಿಸುತ್ತಾರೆ, ಅದು ಪದರ ಪದರವಾಗಿ ಹೆಪ್ಪುಗಟ್ಟಿ ದಪ್ಪವಾಗುತ್ತದೆ. ದಪ್ಪ ಅಳೆದು ಎಷ್ಟು ಕಿಲೋ ಗಾಡಿ ಹೋಗಬಹುದು ಅಂತ ದಡದಲ್ಲಿ ಫಲಕ ಹಾಕುತ್ತಾರೆ. ಮೊದಲಿಗೆ ಸಣ್ಣ ಗಾಡಿ, ಕ್ರಮೇಣ ಲಾರಿ.

ಮ್ಯಾಕೆಂಜಿ ದಾಟುವ ಜಾಗದಲ್ಲಿ ಟ್ಸೀಗೆಟ್ಚಿಕ್ ಎಂಬ ಗ್ವಿಚಿನ್ ಹಳ್ಳಿ ಉಂಟು, ಎತ್ತರದ ದಡದ ಮೇಲೆ ಚರ್ಚು ಕಾಣುತ್ತದೆ. ಗಾಳಿ ಹಿಮವನ್ನು ಗುಡಿಸಿ ಹಾಕಿದ ಕಡೆ ಐಸ್ ಕಡು ನೀಲಿ. ಒಳಗೆ ಬಿಳಿ ಬಿರುಕುಗಳು ಅಡ್ಡಾದಿಡ್ಡಿ ಓಡಿರುತ್ತವೆ, ಗಾಳಿಗುಳ್ಳೆಗಳು ಒಂದರ ಕೆಳಗೊಂದು ಸಾಲಾಗಿ ನಿಂತಿರುತ್ತವೆ. ಕಿಟಕಿ ಇಳಿಸಿದರೆ ಕೆಳಗಿನಿಂದ ಗುಂಯ್ ಎಂದು ಸದ್ದು ಕೇಳುತ್ತದೆ. ಐಸ್ ಹಿಗ್ಗಿ ಕುಗ್ಗುವ ಸದ್ದು ಅದು, ಅಪಾಯವಲ್ಲ.

ವೈಟ್‌ಹಾರ್ಸ್ ವಾಸಿ

ನರ್ಸ್ ಅವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಐಸ್ ಹಲಗೆ ನೀರಿನ ಮೇಲೆ ತೇಲುತ್ತಿರುತ್ತದೆ. ಗಾಡಿಯ ಭಾರಕ್ಕೆ ಅದು ತುಸು ಬಾಗುತ್ತದೆ, ಆ ಬಾಗು ಗಾಡಿಯ ಜತೆ ಸಾಗುತ್ತದೆ, ಕೆಳಗಿನ ನೀರಿನಲ್ಲಿ ಅಲೆ ಏಳುತ್ತದೆ. ಗಾಡಿಯ ವೇಗವೂ ಅಲೆಯ ವೇಗವೂ ಒಂದಾದರೆ ಬಾಗು ದೊಡ್ಡದಾಗಿ ಐಸ್ ಬಿರಿಯಬಹುದು. ದಡದ ಹತ್ತಿರ ನೀರು ಆಳವಿಲ್ಲ, ಅಲೆ ಅಲ್ಲಿ ತಿರುಗಿ ಬಡಿಯುತ್ತದೆ. ಅದಕ್ಕೇ ಫಲಕದಲ್ಲಿ ಹಾಕಿದ ವೇಗ ಮೀರಬಾರದು, ದಡ ಹತ್ತುವಾಗಂತೂ ಮೆಲ್ಲಗೆ. ಮುಂದಿನ ಗಾಡಿಗೆ ಅಂಟಿಕೊಂಡು ಹೋಗಬೇಡಿ. ಫೋಟೋಗೆ ಅಂತ ನಡುವೆ ಬಹಳ ಹೊತ್ತು ನಿಲ್ಲಿಸಬೇಡಿ, ನಿಂತ ಭಾರಕ್ಕೆ ಐಸ್ ನಿಧಾನಕ್ಕೆ ತಗ್ಗುತ್ತ ಹೋಗುತ್ತದೆ. ಗುರುತು ಹಾಕಿದ ದಾರಿ ಬಿಟ್ಟು ಒಂದು ಹೆಜ್ಜೆಯೂ ಆಚೆ ಬೇಡ.

ಕರಾವಳಿ ನರ್ಸ್, ಇನುವಿಕ್

ಇಷ್ಟು ದೂರ ಬಂದು ಇನುವಿಕ್‌ನಲ್ಲಿ ಬರೀ ನಿದ್ದೆ ಮಾಡಿ ಹೋಗುವವರನ್ನು ನೋಡಿದರೆ ನನಗೆ ಬೇಜಾರು. ಇಲ್ಲಿ ಒಂದು ಪೂರ್ತಿ ದಿನ ಇಡಿ. ಮನೆಗಳೆಲ್ಲ ಕಂಬಗಳ ಮೇಲೆ ನಿಂತಿವೆ, ಮನೆಯ ಬಿಸಿಗೆ ಕೆಳಗಿನ ನೆಲ ಕರಗಬಾರದಲ್ಲ. ನೀರು, ಚರಂಡಿ ಕೊಳವೆಗಳನ್ನೂ ನೆಲದಲ್ಲಿ ಹೂಳುವ ಹಾಗಿಲ್ಲ. ಹೊದಿಕೆ ಹಾಕಿದ ಪೆಟ್ಟಿಗೆಗಳಲ್ಲಿ ಮನೆಯಿಂದ ಮನೆಗೆ ಮೇಲೇ ಹೋಗುತ್ತವೆ. ಊರಿನ ನಡುವಿನ ಗುಂಡು ಗುಮ್ಮಟದ ಬಿಳಿ ಚರ್ಚು ಎಲ್ಲರೂ ನೋಡುತ್ತಾರೆ. ಮಸೀದಿಯನ್ನೂ ನೋಡಿ. 2010ರಲ್ಲಿ ವಿನಿಪೆಗ್‌ನಲ್ಲಿ ಕಟ್ಟಿ, ಲಾರಿಯಲ್ಲಿ, ಆಮೇಲೆ ಮ್ಯಾಕೆಂಜಿ ನದಿಯಲ್ಲಿ ಬಾರ್ಜ್ ಮೇಲೆ ಸುಮಾರು 4,000 ಕಿ.ಮೀ. ತಂದು ಇಳಿಸಿದ್ದು.

ಟಕ್‌ಗೆ ಮೊದಲು ಚಳಿಗಾಲದಲ್ಲಿ ನದಿ ಮತ್ತು ಸಮುದ್ರದ ಐಸ್ ಮೇಲೇ ರಸ್ತೆ ಇತ್ತು, 2017ರ ವಸಂತದಲ್ಲಿ ಅದರ ಕಾಲ ಮುಗಿಯಿತು. ಅದೇ ವರ್ಷ ನವೆಂಬರ್ 15ರಂದು ಈಗಿನ ಜಲ್ಲಿ ರಸ್ತೆ ತೆರೆಯಿತು. ನೆಲ ಹಾಳಾಗಬಾರದೆಂದು ಹೆಚ್ಚಿನ ಕೆಲಸವನ್ನು ಚಳಿಗಾಲದಲ್ಲೇ ಮಾಡಿದರು, ಎಲ್ಲೂ ಅಗೆಯದೆ ಹೆಪ್ಪುನೆಲದ ಮೇಲೆ ಬಟ್ಟೆ ಹಾಸಿ ಜಲ್ಲಿ ಸುರಿದರು. ಮರ ಒಂದೂ ಇಲ್ಲದ ಬಯಲು. ಅಲ್ಲಿ ದೂರದಿಂದ ಬೆಟ್ಟದ ಹಾಗೆ ಕಾಣುವುದು ಪಿಂಗೋ, ಒಳಗೆಲ್ಲ ಐಸ್ ತುಂಬಿದ ದಿಬ್ಬ. ಇಬ್ಯುಕ್ ಎಂಬುದು 49 ಮೀಟರ್ ಎತ್ತರ. ಟಕ್ ಇನುವಿಯಾಲುಯಿಟ್ ಜನರ ಊರು, ನೋಡುವ ತಾಣ ಮಾತ್ರವಲ್ಲ. ಮನೆಗಳ, ಮಕ್ಕಳ ಫೋಟೋ ತೆಗೆಯುವ ಮೊದಲು ಕೇಳಿ. ಬಿಸಿಲಿಗೆ ಒಣಹಾಕಿದ ಚರ್ಮ, ಮಾಂಸ ಕಂಡರೆ ಮುಖ ಸಿಂಡರಿಸಬೇಡಿ. ಡೆಂಪ್‌ಸ್ಟರ್ ದಾರಿಯಲ್ಲಿ ಕ್ಯಾರಿಬೂ (ಉತ್ತರದ ಕಾಡು ಹಿಮಸಾರಂಗ) ಹಿಂಡು ಸಿಕ್ಕರೆ ಎಂಜಿನ್ ನಿಲ್ಲಿಸದೆ ದೂರದಲ್ಲೇ ಕಾಯಿರಿ. ಪಾರ್ಕ್ಯುಪೈನ್ ಹಿಂಡು ಅದು, 2017ರ ಎಣಿಕೆಯಲ್ಲಿ ಎರಡು ಲಕ್ಷಕ್ಕೂ ಮೇಲಿತ್ತು. ಗ್ವಿಚಿನ್ ಜನರ ಬದುಕೇ ಅದರ ಮೇಲೆ ನಿಂತಿದೆ. ಹಾರ್ನ್ ಹೊಡೆದು ಓಡಿಸುವುದು ದೊಡ್ಡ ತಪ್ಪು.

ಹಾಸನದ ಹುಡುಗ, ಎಡ್ಮಂಟನ್

ಮೂವರೂ ಕೂತು ಮಾತಾಡಿದ್ವಿ. ಆಫೀಸಲ್ಲಿ ಕೇಳಿದೆ, ಸಂಬಳವಿಲ್ಲದ ರಜೆ ಸೇರಿಸಿ ಹದಿನೆಂಟು ದಿನ ಸಿಕ್ತು. ಸ್ವಂತ ಗಾಡಿಯಲ್ಲೇ ಹೋಗ್ತೀವಿ. ಅದರಲ್ಲಿ ನಾಲ್ಕು ದಿನ ಖಾಲಿ ಬಿಡ್ತೀವಿ, ಯಾವ ಜಾಗಕ್ಕೂ ಬರೆಯಲ್ಲ. ಹೋಗುವಾಗ ಟೂಂಬ್‌ಸ್ಟೋನ್ ಉದ್ಯಾನದ ಹತ್ತಿರ ಬೆಟ್ಟ ನೋಡಿಕೊಂಡು ಕತ್ತಲಾಗೋ ಮೊದಲು ಈಗಲ್ ಪ್ಲೇನ್ಸ್. ಖಾಲಿ ದಿನ ಈಗಲ್ ಪ್ಲೇನ್ಸ್‌ನಲ್ಲೇ ಮುಗಿದು ಹೋದ್ರೆ ಟಕ್ ಕೈಬಿಟ್ಟು ಇನುವಿಕ್‌ನಿಂದ ತಿರುಗ್ತೀವಿ. ಈ ಪ್ಲಾನ್‌ನಲ್ಲಿ ಏನಾದ್ರೂ ತಪ್ಪಿದ್ಯಾ?

ವೈಟ್‌ಹಾರ್ಸ್ ವಾಸಿ

ಒಂದೇ ತಿದ್ದುಪಡಿ. ಖಾಲಿ ದಿನಗಳನ್ನು ಹೋಗುವಾಗಲೇ ಖರ್ಚು ಮಾಡಿಬಿಡಬೇಡಿ, ಕನಿಷ್ಠ ಎರಡನ್ನು ವಾಪಸ್ ದಾರಿಗೆ ಉಳಿಸಿ. ಹೋಗುವಾಗ ಗೇಟು ಬಿದ್ದರೆ ಡಾಸನ್‌ಗೆ ಹಿಂತಿರುಗಬಹುದು. ಇನುವಿಕ್‌ನಲ್ಲಿ ಇದ್ದಾಗ ಬಿದ್ದರೆ ನೀವು ಆಚೆ ದಡದವರು, ಆಗಲೇ ಜನ ಆತುರ ಮಾಡುವುದು. ಎರಡು ದಿನ ಹೋಗುವಾಗಲೇ ಮುಗಿದವು ಅಂದರೆ ಟಕ್ ಬಿಟ್ಟುಬಿಡಿ.

ಟೂಂಬ್‌ಸ್ಟೋನ್ ಮಾಹಿತಿ ಕೇಂದ್ರ ಚಳಿಗಾಲದಲ್ಲಿ ಮುಚ್ಚಿರುತ್ತದೆ, ಅಲ್ಲಿ ಏನೂ ಸಿಗುವುದಿಲ್ಲ. ನೋಡುವ ಜಾಗ 74ನೇ ಕಿ.ಮೀ. ಹತ್ತಿರ. ಈಗಲ್ ಪ್ಲೇನ್ಸ್‌ನಲ್ಲಿ ಕೋಣೆ ಎರಡೂ ದಿಕ್ಕಿಗೆ ಈಗಲೇ ಫೋನ್ ಮಾಡಿ ಹೇಳಿ. ಗೇಟು ಬಿದ್ದ ದಿನ ಲಾರಿಯವರೆಲ್ಲ ಅಲ್ಲೇ ಸೇರುತ್ತಾರೆ, ಜಾಗ ಇರುವುದಿಲ್ಲ. ಬ್ಲಾಕ್ ಹೀಟರ್ ಹಚ್ಚಲು ಹೊರಗೆ ಪ್ಲಗ್ ಖಾಲಿ ಇರುತ್ತದಾ ಅಂತಲೂ ಆಗಲೇ ಕೇಳಿಬಿಡಿ.

ಹುಬ್ಬಳ್ಳಿ ಗ್ಯಾರೇಜ್, ಫೋರ್ಟ್ ಸೇಂಟ್ ಜಾನ್

ಅಲಾಸ್ಕಾ ಹೆದ್ದಾರಿ ನಮ್ಮ ಊರ ಮ್ಯಾಲೇ ಹೋಗ್ತೈತ್ರಿ. ಬರೂ ಮುಂದ ಇಲ್ಲಿ ನಿಲ್ಲಸ್ರಿ, ಬ್ಯಾಟರಿ, ಬೆಲ್ಟು, ಕೂಲೆಂಟ್ ಒಂದ್ಸಲ ನಾನ ನೋಡಿ ಕೊಡ್ತೀನಿ. ಕೂಲೆಂಟ್ ಎಷ್ಟು ಚಳಿ ತಡೀತೈತಿ ಅಂತ ಅಳದ ನೋಡಬೇಕು, ಡಬ್ಬಿ ಮ್ಯಾಲ ಬರದಿದ್ದು ನಂಬಿ ಹೋಗೂದಲ್ಲ.